ಮೊಣಕಾಲಿನಲ್ಲಿ ಕಿವಿ

ಶನಿವಾರ. ಮಸಾಕದಲ್ಲಿ ರಾತ್ರಿಯಿಡೀ ದೀಪ ಉರಿದಿವೆ.
ಬೆಳಕಿಗೆ ಮರುಳಾಗಿ, ತಗಡಿಗೆ ಬಡಿದು, ಜಾರಿ
ಪೀಪಾಯಿ ತುಂಬಿವೆ ನ್ಸೆನೆನೆ,
ಹುಲ್ಲುಮಿಡತೆಯ ದಾಯಾದಿಗಳು, ಚೂಪು ತಲೆಯವು.
ನನ್ನ ನಾಲ್ಕನೇ ತರಗತಿಯ ಕಣ್ಣೆಲ್ಲ ಕೆಂಪು.
ಆದರೂ ಬಂದಿದ್ದಾರೆ ಹನ್ನೊಂದು ಮಂದಿ.
ಜಾಮ್ ಬಾಟಲಿ ಮೂರು, ಭೂತಗನ್ನಡಿ ಒಂದೇ ಒಂದು,
ಅದಕ್ಕೂ ಹಿಡಿಯಿಲ್ಲ.

ಬಾಳೆತೋಟ ದಾಟಿ ಜೌಗಿನ ಅಂಚಿಗೆ.
ನಿಯಮ ಇಷ್ಟೇ: ಕಾಲು ಮೊದಲು ಎಣಿಸಿ,
ಹೆಸರು ಆಮೇಲೆ.
ನಲುಬೆಗಾಗೆ ಇದು ಒಗ್ಗುವುದಿಲ್ಲ. ಅವಳು ಹೆಸರು ಕೂಗಿಬಿಡುತ್ತಾಳೆ,
ಹುಳು ಅದಕ್ಕೆ ತಕ್ಕಂತೆ ಇರಬೇಕು.
ಚೇರಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತ ಸ್ಸೆಗುಜ
ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಹಿಡಿದ.
ಕೀಟ ಅಲ್ಲ ಬಿಡೋ ಅದು ಎಂದರೆ
‘ಗೊತ್ತು ಟೀಚರ್, ಆದರೂ ಎಷ್ಟು?’
ತೊರೆಯ ಹತ್ತಿರದ ಎಲೆಯ ಮೇಲೊಂದು ನೊಣ,
ಎರಡು ಕಡ್ಡಿಯ ತುದಿಗೆ ಕಣ್ಣು ಸಿಕ್ಕಿಸಿಕೊಂಡದ್ದು.
ನನ್ನ ಪುಸ್ತಕದಲ್ಲಿ ಇಲ್ಲ. ನನಗೂ ಗೊತ್ತಿಲ್ಲ ಎಂದೆ.
ಬೆಳಗಿನಿಂದ ಅವರಿಗೆ ಅಷ್ಟು ಖುಷಿ ಕೊಟ್ಟ ಮಾತು ಇನ್ನೊಂದಿಲ್ಲ.

ಬೊನಿಫೇಸ್ ಕೊನೆಗೆ ಬಂದ, ಬೊಗಸೆ ಮುಚ್ಚಿಕೊಂಡು.
ಒಳಗೊಂದು ನ್ಸೆನೆನೆ. ಹಸಿರೂ ಅಲ್ಲ, ಕಂದೂ ಅಲ್ಲ,
ನೇರಳೆ ಗೆರೆಯದು.
‘ಬಾಣಲೆಗೆ!’ ಎಂದರು ಎಲ್ಲರೂ.
ಅವನು ಬೆರಳು ಬಿಗಿ ಮಾಡಿದ.
ಅವನದು ನ್ಸೆನೆನೆ ಬೆಡಗು, ಅಪ್ಪನ ಕಡೆಯಿಂದ ಬಂದದ್ದು,
ತಿನ್ನುವ ಹಾಗಿಲ್ಲ.
ಅಮ್ಮನ ಬೆಡಗು ಬೇರೆ. ಕಂಪಾಲ ರಸ್ತೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ
ಈರುಳ್ಳಿ ಹಾಕಿ ಹುರಿದು ಮಾರುತ್ತಾಳೆ.
ಕಾಲು, ರೆಕ್ಕೆ ಕೀಳುವ ಕೆಲಸ ಇವನದು.
ನಿದ್ದೆಯಲ್ಲೂ ಬೆರಳು ಆಡುತ್ತವಂತೆ.
ಯಾವ ಕೀಲು ಎಲ್ಲಿ ಸಡಿಲ,
ನನಗಿಂತ ಚೆನ್ನಾಗಿ ಬಲ್ಲ.

ಮೀಸೆ ನೋಡಿ, ಎಂದೆ, ಮೈಗಿಂತ ಉದ್ದ.
ಹಿಂದೆ ಕತ್ತಿ ಇದೆಯಲ್ಲ, ಮೊಟ್ಟೆ ಇಡುವುದಕ್ಕೆ: ಹೆಣ್ಣು.
ಈಗ ಮುಂಗಾಲು. ಮೊಣಕಾಲಿನ ಕೆಳಗೊಂದು ಸಣ್ಣ ಸೀಳು.
ಅದು ಕಿವಿ.
ನಕ್ಕರು. ನಲುಬೆಗಾ ತನ್ನದೇ ಮೊಣಕಾಲಿಗೆ ಬಾಯಿಟ್ಟು
‘ಕೇಳ್ತಾ ಇದೆಯಾ?’ ಎಂದಳು.
ಕನ್ನಡಿ ಕೈಯಿಂದ ಕೈಗೆ ಹೋಗಿ ಬೊನಿಫೇಸನಲ್ಲಿ ನಿಂತಿತು,
ನಿಂತೇಬಿಟ್ಟಿತು.
‘ಟೀಚರ್, ನಾವು ಮೊದಲು ಕೀಳೋದು ಮುಂಗಾಲನ್ನೇ.’

ಪಾಠದಲ್ಲಿ ಇದಕ್ಕೆ ಉತ್ತರವಿಲ್ಲ.
‘ಒಳ್ಳೇದೇ ಆಯ್ತಲ್ಲ,’ ಎಂದ ಕಿಝಿಟೊ,
‘ಎಣ್ಣೆ ಸದ್ದು ಅದಕ್ಕೆ ಕೇಳಿಸಲ್ಲ.’
ಆ ಗಳಿಗೆಯಲ್ಲೇ ಎಲ್ಲೋ ಬೆರಳು ಸಡಿಲಿತು;
ನೇರಳೆ ಗೆರೆ ಜೌಗಿನ ಹಸಿರಿಗೆ ಹಾರಿ
ಹಸಿರೇ ಆಯಿತು.

ದಾಖಲೆ ಪುಸ್ತಕಕ್ಕೆ ನಾನು ಎಳೆದ ಕಲಂ ನಾಲ್ಕು:
ಹೆಸರು, ಕಾಲು, ರೆಕ್ಕೆ, ಸಿಕ್ಕ ಜಾಗ.
ಅವನು ಸ್ಕೇಲಿಲ್ಲದೆ ಐದನೆಯದು ಎಳೆದ, ಸೊಟ್ಟಗೆ.
ಮೇಲೆ ‘ಬೆಡಗು’, ಕೆಳಗೆ ‘ನಮ್ಮದು’.
ಮಿಕ್ಕವರು ನುಗ್ಗಿದರು. ಕಡ್ಡಿಗಣ್ಣಿನ ನೊಣ ಯಾರ ಪೈಕಿ?
ಚೇರಟೆ ಯಾರ ಪೈಕಿ?
ಸಗಣಿಹುಳುವನ್ನು ಮಾತ್ರ ತಮ್ಮ ಕಡೆಯದೆಂದು
ಒಬ್ಬರೂ ಒಪ್ಪಲಿಲ್ಲ,
ಕೊನೆಗೆ ‘ಟೀಚರದ್ದು’ ಎಂದು ಬರೆದುಕೊಂಡರು.
ಅಳಿಸಬೇಕಿತ್ತು. ಇನ್‌ಸ್ಪೆಕ್ಟರು ನೋಡುವ ಪುಸ್ತಕ ಅದು.

ಸಂಜೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕಂಡ,
ಅಮ್ಮನ ಪಕ್ಕ, ಮಡಿಲಲ್ಲಿ ಬುಟ್ಟಿ.
ರೆಕ್ಕೆ, ರೆಕ್ಕೆ, ಹಿಂಗಾಲು, ನಡುಗಾಲು.
ಅಲ್ಲಿ ತಡೆದು, ಬಗ್ಗಿ
ಒಂದೊಂದಕ್ಕೂ ಏನೋ ಹೇಳುತ್ತಿದ್ದ.
ಮುಂಗಾಲು ಆಮೇಲೆ.
‘ಬೇಗ ಬೇಗ,’ ಅಮ್ಮ ಗದರಿದಳು, ‘ಟೀಚರ್ ಕಾಯ್ತಿದ್ದಾರೆ.’
ಹೌದು, ಕಾಯುತ್ತಿದ್ದೆ,
ಸಾವಿರ ಶಿಲ್ಲಿಂಗಿನ ನೋಟು ಹಿಡಿದು,
ಬಾಯಲ್ಲಿ ನೀರು.